ಎಣ್ಣೆಯ ಡಬ್ಬಿಯ ಸಾಕ್ಷ್ಯ

ಮೋಟಾರು ಗಾಡಿಗಳಲ್ಲಿ ಆಸಕ್ತಿಯುಳ್ಳ ತರುಣರ ನಡುವೆ ಒಂದು ಪುಟ್ಟ ಡಬ್ಬಿಯ ವಿಷಯವಾಗಿ ಚರ್ಚೆ ನಡೆಯುವುದನ್ನು ನಾವು ಆಗಾಗ ಕೇಳುತ್ತೇವೆ. ಅದು ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಅಲ್ಯೂಮಿನಿಯಮ್ಮಿನ ಡಬ್ಬಿ. ಅದರ ತಲೆಯ ಮೇಲೆ ಎರಡು ಮೂತಿಗಳು, ಒಂದರಿಂದ ಅನಿಲ ಒಳಕ್ಕೆ ಬರುವುದಕ್ಕೆ, ಇನ್ನೊಂದರಿಂದ ಹೊರಕ್ಕೆ ಹೋಗುವುದಕ್ಕೆ. ಇದನ್ನು ಆಯಿಲ್ ಕ್ಯಾಚ್ ಕ್ಯಾನ್ ಎಂದು ಕರೆಯುತ್ತಾರೆ. ನಾವು ಎಣ್ಣೆಯ ಡಬ್ಬಿ ಎಂದರೆ ಸಾಕು. ಇದನ್ನು ಕೊಂಡು ಜೋಡಿಸಿಕೊಂಡವರು ಕೆಲವು ಸಾವಿರ ಕಿಲೋಮೀಟರು ಓಡಿದ ಮೇಲೆ ಡಬ್ಬಿಯ ತಳವನ್ನು ಬಿಚ್ಚಿ, ಅಲ್ಲಿ ನಿಂತಿರುವ ಕಂದುಬಣ್ಣದ ದ್ರವವನ್ನು ಗೆಳೆಯರಿಗೆ ತೋರಿಸಿ, “ನೋಡಿದಿರಾ, ಇಷ್ಟೂ ಎಂಜಿನ್ನಿನ ಹೊಟ್ಟೆಗೆ ಹೋಗುತ್ತಿತ್ತು. ಇನ್ನು ನನ್ನ ಕವಾಟಗಳಿಗೆ ಭಯವಿಲ್ಲ” ಎನ್ನುತ್ತಾರೆ. ಸಾಕ್ಷ್ಯವು ಕಣ್ಣೆದುರಿಗೇ ಇರುವಾಗ ವಾದಿಸುವವರಾರು? ಆದರೆ ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಮಾತ್ರವೇ ಬಹುಮಟ್ಟಿಗೆ ಸತ್ಯ. ಎರಡನೆಯದು ಅದರಿಂದ ಹೊರಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಡಬ್ಬಿಯು ನಿಷ್ಪ್ರಯೋಜಕವೆಂದು ನಾವು ಹೇಳಹೊರಟಿಲ್ಲ. ಅದು ಯಾವುದನ್ನು ಸಾಧಿಸಿ ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ಆ ಎಣ್ಣೆ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಂಡಾಗ ಉಂಟಾಗುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿಗೆ ತೊಡಿಸಿರುವ ಲೋಹದ ಉಂಗುರಗಳು ಆ ಅನಿಲವನ್ನು ತಡೆದು ನಿಲ್ಲಿಸಬೇಕು. ಆದರೆ ಉಂಗುರವು ಕಾದಾಗ ಹಿಗ್ಗುವುದಕ್ಕೆ ಅದರಲ್ಲಿ ಒಂದು ಸೀಳು ಇರಲೇಬೇಕಾಗುತ್ತದೆ. ಎಷ್ಟೇ ಹೊಸ ಎಂಜಿನ್ನಾದರೂ ಆ ಸೀಳಿನಿಂದ ಸ್ವಲ್ಪ ಅನಿಲವು ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳಿ ಹೋಗುತ್ತದೆ. ಹೀಗೆ ನುಸುಳಿದ ಅನಿಲದಲ್ಲಿ ಉರಿಯದ ಪೆಟ್ರೋಲಿನ ಆವಿಯಿದೆ, ಉರಿದ ಅನಿಲಗಳಿವೆ, ನೀರಿನ ಆವಿಯಿದೆ. ಕೆಳಗೆ ಕ್ರ್ಯಾಂಕು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಕಾದ ಎಣ್ಣೆಯನ್ನು ಚಿಮುಕಿಸುತ್ತಿರುವುದರಿಂದ ಎಣ್ಣೆಯ ಸೂಕ್ಷ್ಮವಾದ ಹನಿಗಳೂ ಇದರೊಡನೆ ಸೇರಿಕೊಳ್ಳುವುವು. ಈ ಮಿಶ್ರಣಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಬೆಳೆದು ಸಂದುಗಳಿಂದ ಎಣ್ಣೆ ಸೋರತೊಡಗುವುದು.

ಹಿಂದಿನ ಕಾಲದ ಕಾರುಗಳಲ್ಲಿ ಈ ಹೊಲಸನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಯ ಮೇಲಕ್ಕೆ ಬಿಡುತ್ತಿದ್ದರು. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಸುವ ಹೊಗೆಮಂಜಿಗೆ ಮೋಟಾರುಗಳಿಂದ ಹೊರಬೀಳುವ ಹೈಡ್ರೊಕಾರ್ಬನ್ನುಗಳು ಕಾರಣವೆಂದು 1950ರ ದಶಕದಲ್ಲಿ ತಿಳಿದುಬಂದ ಮೇಲೆ ಈ ಪದ್ಧತಿಗೆ ಕೊನೆ ಬಂದಿತು. 1961ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿಯೂ, ಅದೇ ದಶಕದಲ್ಲಿ ಅಮೆರಿಕದ ಉಳಿದೆಡೆಗಳಲ್ಲಿಯೂ, ಈ ಅನಿಲವನ್ನು ಹೊರಕ್ಕೆ ಬಿಡದೆ ಒಂದು ಕವಾಟದ ಮೂಲಕ ಎಂಜಿನ್ನಿನ ಗಾಳಿಯ ದಾರಿಗೇ ಹಿಂತಿರುಗಿಸಿ ಸುಟ್ಟುಬಿಡುವ ಏರ್ಪಾಡು ಬಂದಿತು. ಇದಕ್ಕೆ ಪಿ.ಸಿ.ವಿ. ಎಂದು ಹೆಸರು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮಗಳ ಪ್ರಕಾರವೂ ಪೆಟ್ರೋಲು ಕಾರಿನ ಕ್ರ್ಯಾಂಕ್‌ಕೇಸಿನ ಅನಿಲವು ಬಯಲಿಗೆ ಬರಕೂಡದು.

ಈ ಏರ್ಪಾಡಿನಿಂದ ಎಷ್ಟೋ ವರ್ಷಗಳ ಕಾಲ ಯಾರಿಗೂ ಹೇಳಿಕೊಳ್ಳುವಂತಹ ತೊಂದರೆಯಾಗಲಿಲ್ಲ. ಅದಕ್ಕೆ ಕಾರಣ ಪೆಟ್ರೋಲೇ. ಕಾರ್ಬುರೇಟರಿನ ಕಾಲದಲ್ಲಿಯೂ, ಅನಂತರ ಗಾಳಿಯ ದಾರಿಯಲ್ಲಿ ಪೆಟ್ರೋಲನ್ನು ಚಿಮುಕಿಸುತ್ತಿದ್ದ ಇಂಜೆಕ್ಷನ್ನಿನ ಕಾಲದಲ್ಲಿಯೂ, ಪೆಟ್ರೋಲು ಸಿಲಿಂಡರನ್ನು ಸೇರುವ ಮೊದಲು ಒಳಬಿಡುವ ಕವಾಟದ ಬೆನ್ನಿನ ಮೇಲೆ ಹಾಯ್ದೇ ಹೋಗುತ್ತಿತ್ತು. ಜಿಡ್ಡಾದ ಪಾತ್ರೆಯನ್ನು ಪೆಟ್ರೋಲಿನಿಂದ ತೊಳೆದು ನೋಡಿದವರಿಗೆ ಅದರ ಪರಿಣಾಮ ಗೊತ್ತು. ಕವಾಟದ ಮೇಲೆ ಎಣ್ಣೆಯು ಎಷ್ಟು ಕುಳಿತರೂ ಮರುಕ್ಷಣವೇ ತೊಳೆದುಹೋಗುತ್ತಿತ್ತು.

ನೇರ ಇಂಜೆಕ್ಷನ್ನಿನಲ್ಲಿ ಈ ತೊಳೆತ ನಿಂತುಹೋಯಿತು. ವಾಯುಮಂಡಲದ ಒತ್ತಡಕ್ಕಿಂತ ಇನ್ನೂರು, ಮುನ್ನೂರು ಪಟ್ಟು ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲನ್ನು ಸಿಲಿಂಡರಿನ ಒಳಗೇ ಚಿಮುಕಿಸುವ ಈ ಪದ್ಧತಿ ಹೊಸದೇನೂ ಅಲ್ಲ. 1954ರಲ್ಲಿ ಜನರ ಮುಂದೆ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿಯೇ, ಆಗಿನ ಮಟ್ಟದ ಒತ್ತಡದಲ್ಲಿ, ಇದು ಇತ್ತು. ವಿದ್ಯುನ್ಮಾನ ನಿಯಂತ್ರಣದೊಡನೆ ಇದನ್ನು ಸಾಮಾನ್ಯರ ಕಾರಿಗೆ ತಂದದ್ದು 1996ರಲ್ಲಿ ಜಪಾನಿನ ಮಿತ್ಸುಬಿಷಿ. ನಮ್ಮಲ್ಲಿ 2019ರ ಹ್ಯುಂಡೈ ವೆನ್ಯೂ, 2020ರ ಮಹೀಂದ್ರಾ ಥಾರ್ ಮೊದಲಾದ ಗಾಡಿಗಳ ಟರ್ಬೊ ಪೆಟ್ರೋಲು ಎಂಜಿನ್ನುಗಳು ಈ ಜಾತಿಯವು. ಇದರ ಗುಣವನ್ನು ಭೌತಶಾಸ್ತ್ರದ ವಿದ್ಯಾರ್ಥಿ ಸುಲಭವಾಗಿ ಗ್ರಹಿಸಬಲ್ಲನು: ಪೆಟ್ರೋಲು ಸಿಲಿಂಡರಿನ ಒಳಗೇ ಆವಿಯಾಗುವಾಗ ತನ್ನ ಗುಪ್ತೋಷ್ಣವನ್ನು ಅಲ್ಲಿಯ ಗಾಳಿಯಿಂದಲೇ ಹೀರಿಕೊಂಡು ಅದನ್ನು ತಣಿಸುತ್ತದೆ, ತಣಿದ ಗಾಳಿಯನ್ನು ಅಕಾಲದಲ್ಲಿ ಹೊತ್ತಿಕೊಳ್ಳುವ ಭಯವಿಲ್ಲದೆ ಇನ್ನಷ್ಟು ಅದುಮಬಹುದು, ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ. ಆದರೆ ಕವಾಟದ ಬೆನ್ನಿನ ಪಾಲಿಗೆ ಉಳಿದದ್ದು ಬರಿಯ ಗಾಳಿ, ಮತ್ತು ಆ ಗಾಳಿಯೊಡನೆ ಕ್ರ್ಯಾಂಕ್‌ಕೇಸಿನಿಂದ ಬಂದ ಎಣ್ಣೆಯ ಮಂಜು. ಕಾದ ಲೋಹದ ಮೇಲೆ ಎಣ್ಣೆ ಕುಳಿತು ಬೇಯುತ್ತದೆ. ಒಗ್ಗರಣೆಯ ಸೌಟಿನ ತಳದಲ್ಲಿ ಕಾಲಕ್ರಮದಲ್ಲಿ ಕಟ್ಟುವ ಕರಿಯ ಕಿಟ್ಟವನ್ನು ನೆನೆಸಿಕೊಂಡರೆ ಚಿತ್ರವು ಸ್ಪಷ್ಟವಾಗುತ್ತದೆ. ಕಿಟ್ಟ ದಪ್ಪವಾದಂತೆಲ್ಲ ಗಾಳಿಯ ದಾರಿ ಕಿರಿದಾಗಿ, ಎಂಜಿನ್ನು ನಿಂತಲ್ಲಿ ನಡುಗುವುದು, ಶಕ್ತಿ ಕುಗ್ಗುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುವುವು. ಕೊನೆಗೆ ಗಾಳಿಯ ಕೊಳವೆಗಳನ್ನು ಕಳಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಒತ್ತಡದ ಗಾಳಿಯೊಡನೆ ಕವಾಟದ ಮೇಲೆ ಹೊಡೆದು ಕಿಟ್ಟವನ್ನು ಬಿಡಿಸಬೇಕಾಗುತ್ತದೆ. ಅಗ್ಗದ ಕೆಲಸವಲ್ಲ.

ಹೀಗಿರುವಾಗ, ಮಂಜು ಬರುವ ದಾರಿಯಲ್ಲಿಯೇ ಒಂದು ಡಬ್ಬಿಯಿಟ್ಟು ಅದನ್ನು ಹಿಡಿದುಬಿಡೋಣ ಎಂಬ ಯೋಚನೆ ಹುಟ್ಟಿದುದು ಸಹಜ. ಯೋಚನೆಯೂ ತಪ್ಪಲ್ಲ. ಎಂಜಿನ್ನು ತಯಾರಿಸುವವರೂ ಇದೇ ಕೆಲಸಕ್ಕಾಗಿ ಎಂಜಿನ್ನಿನ ಮುಚ್ಚಳದೊಳಗೆ ಒಂದು ಅಡ್ಡಗೋಡೆಗಳ ಜಟಿಲ ದಾರಿಯನ್ನು ಮೊದಲೇ ಇಟ್ಟಿರುತ್ತಾರೆ. ಇಲ್ಲಿ ಮೊದಲನೆಯ ಸೂಕ್ಷ್ಮವು ಹೊರಬೀಳುತ್ತದೆ. ಡಬ್ಬಿಗೆ ಬರುವ ಮಂಜು ಈಗಾಗಲೇ ಒಮ್ಮೆ ಸೋಸಿದ ಮಂಜು. ಸುಲಭವಾಗಿ ಸಿಕ್ಕುವ ದಪ್ಪ ಹನಿಗಳಲ್ಲಿ ಹಲವು ಅಲ್ಲಿಯೇ ಸಿಕ್ಕಿಹೋಗಿವೆ.

ಹನಿಗಳ ಗಾತ್ರವೇ ಈ ಪ್ರಶ್ನೆಯ ಜೀವಾಳ. ಹರಳೆಣ್ಣೆಯಲ್ಲಿ ಉಕ್ಕಿನ ಗುಂಡನ್ನು ಬಿಟ್ಟು ಸ್ಟೋಕ್ಸನ ನಿಯಮದಿಂದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವನ್ನು ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಮಾಡಿರುತ್ತಾರೆ. ಇಲ್ಲಿ ಅದನ್ನೇ ತಿರುವುಮುರುವು ಮಾಡಿ, ಗಾಳಿಯಲ್ಲಿ ಎಣ್ಣೆಯ ಗುಂಡನ್ನು ಬಿಟ್ಟಂತೆ ಭಾವಿಸಿದರೆ ಸಾಕು. ಬೀಳುವ ವೇಗವು ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಲೆಕ್ಕ ಹಾಕಿ ನೋಡಿದರೆ, 10 ಮೈಕ್ರಾನು, ಎಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ ವ್ಯಾಸದ ಹನಿಯು ಬಿಸಿಗಾಳಿಯಲ್ಲಿ ಸೆಕೆಂಡಿಗೆ ಸುಮಾರು 2 ಮಿಲಿಮೀಟರು ಇಳಿಯುತ್ತದೆ. 1 ಮೈಕ್ರಾನಿನ ಹನಿ ಇಳಿಯುವುದು ಅದರ ನೂರರಲ್ಲೊಂದು ಪಾಲು ಮಾತ್ರ. ಹತ್ತು ಸೆಂಟಿಮೀಟರು ಎತ್ತರದ ಡಬ್ಬಿಯಲ್ಲಿ ತಲೆಯಿಂದ ತಳಕ್ಕೆ ಬರಲು ಅದಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ ತನ್ನ ಪ್ರಯೋಗಕ್ಕೆ ಎಣ್ಣೆಯ ಹನಿಯನ್ನೇ ಆರಿಸಿಕೊಂಡುದಕ್ಕೆ, ಅದು ಬೇಗ ಆರಿಹೋಗುವುದಿಲ್ಲವೆಂಬುದರ ಜೊತೆಗೆ, ಅಷ್ಟು ಚಿಕ್ಕ ಹನಿ ಬೀಳಲು ಇಷ್ಟು ಹೊತ್ತು ತೆಗೆದುಕೊಳ್ಳುವುದೂ ಅನುಕೂಲವಾಯಿತು. ಮಿಲಿಕನ್ನನಿಗೆ ಅನುಕೂಲವಾದದ್ದೇ ಡಬ್ಬಿಯವನಿಗೆ ಪ್ರತಿಕೂಲ. ಡಬ್ಬಿಯ ಹೊಟ್ಟೆ ಅರ್ಧ ಲೀಟರು, ಅದರ ಮೂಲಕ ನಿಮಿಷಕ್ಕೆ 30 ಲೀಟರು ಅನಿಲ ಹಾಯುತ್ತದೆ ಎಂದು ಇಟ್ಟುಕೊಂಡರೆ, ಹನಿಯು ಅಲ್ಲಿ ತಂಗುವುದು ಒಂದೇ ಒಂದು ಸೆಕೆಂಡು. ಬರಿದಾದ ಡಬ್ಬಿಯಲ್ಲಿ ತಾನಾಗಿ ತಳ ಸೇರುವ ಹನಿಗಳು ಎಂತಹವೆಂಬುದನ್ನು ವಾಚಕರೇ ಊಹಿಸಬಹುದು.

ಆದುದರಿಂದ ಒಳ್ಳೆಯ ಡಬ್ಬಿಗಳಲ್ಲಿ ಅಡ್ಡತಟ್ಟೆಗಳನ್ನೂ ಉಕ್ಕಿನ ನಾರನ್ನೂ ತುಂಬಿರುತ್ತಾರೆ. ಗಾಳಿಯು ಎಳೆಗಳ ಸುತ್ತ ಬಳಸಿ ಹೋಗುವಾಗ, ಹನಿಯು ತನ್ನ ಜಡತ್ವದಿಂದ ನೇರವಾಗಿ ಹೋಗಿ ಎಳೆಗೆ ಬಡಿಯಬೇಕು, ಇದು ತತ್ತ್ವ. ಸೆಕೆಂಡಿಗೆ 5 ಮೀಟರು ವೇಗದಲ್ಲಿ ಬರುವ 10 ಮೈಕ್ರಾನಿನ ಹನಿ, ಗಾಳಿ ತಿರುಗಿಕೊಂಡ ಮೇಲೂ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಮುಂದಕ್ಕೆ ನುಗ್ಗುತ್ತದೆ. 1 ಮೈಕ್ರಾನಿನ ಹನಿ ನುಗ್ಗುವುದು ಮಿಲಿಮೀಟರಿನ ನೂರರಲ್ಲೊಂದು ಭಾಗ ಮಾತ್ರ. ಮೊದಲನೆಯದು ಸಿಕ್ಕಿಬೀಳುತ್ತದೆ, ಎರಡನೆಯದು ಗಾಳಿಯ ಕೈಹಿಡಿದುಕೊಂಡು ನುಣುಚಿಕೊಳ್ಳುತ್ತದೆ. ನಾರು ತೆಳುವಾದಷ್ಟೂ, ದಟ್ಟವಾದಷ್ಟೂ ಹಿಡಿತ ಹೆಚ್ಚುವುದು ನಿಜ; ಆದರೆ ಗಾಳಿಗೆ ಅಡ್ಡಿಯೂ ಅಷ್ಟೇ ಹೆಚ್ಚುವುದು.

ಈಗ ಡಬ್ಬಿಯ ತಳದಲ್ಲಿ ನಿಂತ ದ್ರವದ ಕಡೆಗೆ ತಿರುಗೋಣ. 10 ಮೈಕ್ರಾನಿನ ಒಂದು ಹನಿಯಲ್ಲಿರುವಷ್ಟು ಎಣ್ಣೆ ಆಗಬೇಕಾದರೆ 1 ಮೈಕ್ರಾನಿನ ಸಾವಿರ ಹನಿಗಳು ಕೂಡಬೇಕು. ಎಂದಮೇಲೆ ಡಬ್ಬಿಯಲ್ಲಿ ಕಾಣುವ ಪ್ರಮಾಣವು ಪ್ರಾಯಶಃ ದಪ್ಪ ಹನಿಗಳ ಕಥೆಯನ್ನೇ ಹೇಳುತ್ತದೆ. ತಪ್ಪಿಸಿಕೊಂಡು ಹೋದವು ಎಷ್ಟು ಎಂಬುದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಬಲೆಗೆ ಬಿದ್ದ ಮೀನನ್ನು ಎಣಿಸಿ ಕೆರೆಯಲ್ಲಿ ಇನ್ನು ಮೀನಿಲ್ಲವೆಂದು ಹೇಳಿದರೆ ಯಾರೂ ಒಪ್ಪುವುದಿಲ್ಲವಷ್ಟೆ.

ಸಣ್ಣ ಹನಿಯು ಡಬ್ಬಿಯ ನಾರನ್ನು ತಪ್ಪಿಸಿಕೊಂಡಂತೆಯೇ ಕವಾಟವನ್ನೂ ತಪ್ಪಿಸಿಕೊಂಡು ಹೋಗಬಾರದೇಕೆ ಎಂದು ಯಾವನಾದರೂ ವಿದ್ಯಾರ್ಥಿ ಕೇಳಿದರೆ ಅವನನ್ನು ನಾವು ಮೆಚ್ಚುತ್ತೇವೆ. ಕೆಲವು ಹನಿಗಳು ಹಾಗೆಯೇ ಹೋಗಿ ಸಿಲಿಂಡರಿನಲ್ಲಿ ಸುಟ್ಟುಹೋಗುವುವು. ಆದರೆ ಕವಾಟದ ಸಂದಿನಲ್ಲಿ ಗಾಳಿಯ ವೇಗವು ಡಬ್ಬಿಯಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೇಗವು ಹತ್ತರಷ್ಟಾದರೆ ಹನಿಯು ನುಗ್ಗುವ ದೂರವೂ ಹತ್ತರಷ್ಟಾಗುತ್ತದೆ. ಅಲ್ಲದೆ ಕವಾಟವು ಗಾಳಿಯ ದಾರಿಗೆ ಅಡ್ಡವಾಗಿಯೇ ನಿಂತಿದೆ, ಮತ್ತು ಕಾದಿದೆ. ಒಂದು ದೃಷ್ಟಿಯಿಂದ ನೋಡಿದರೆ ಕವಾಟವೇ ಇನ್ನೊಂದು ಎಣ್ಣೆಯ ಡಬ್ಬಿ! ಮೊದಲನೆಯ ಡಬ್ಬಿಯಿಂದ ನುಣುಚಿಕೊಂಡ ಹನಿಯನ್ನು ಹಿಡಿಯುವ ಶಕ್ತಿ ಅದಕ್ಕಿದೆ. ಎಷ್ಟು ಪಾಲು ಹಿಡಿಯುತ್ತದೆಂಬುದನ್ನು ಕಾಗದದ ಮೇಲಿನ ಲೆಕ್ಕದಿಂದ ನಿರ್ಣಯಿಸಲಾಗದು.

ಇನ್ನು ಆ ದ್ರವವೆಲ್ಲವೂ ಎಣ್ಣೆಯೇ ಎಂಬ ನಂಬಿಕೆ. ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿದರೆ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆಂದು ಹೇಳಿದರೆ ಅನೇಕರು ನಂಬುವುದಿಲ್ಲ. ರಸಾಯನಶಾಸ್ತ್ರದ ಸಮೀಕರಣವನ್ನು ಬರೆದು ತೂಕಗಳನ್ನು ಕೂಡಿಸಿದರೆ ಅಷ್ಟೇ ಬರುತ್ತದೆ. ಅದರಲ್ಲಿ ಬಹುಪಾಲು ಆವಿಯಾಗಿ ಹೊಗೆಯ ಕೊಳವೆಯಿಂದ ಹೊರಟುಹೋದರೂ, ಉಂಗುರಗಳ ಸಂದಿನಿಂದ ನುಸುಳಿದ ಪಾಲು ತಣ್ಣಗಿರುವ ಡಬ್ಬಿಯಲ್ಲಿ ನೀರಾಗಿ ಇಳಿಯುತ್ತದೆ. ಚಳಿಯ ದಿನಗಳಲ್ಲಿ, ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸಿಬಿಡುವ ಚಿಕ್ಕ ಓಡಾಟಗಳಲ್ಲಿ, ಡಬ್ಬಿಯಲ್ಲಿ ಸಿಕ್ಕುವುದು ಮಜ್ಜಿಗೆಯಂತಹ ಹಳದಿಯ ನೊರೆ. ಅದರಲ್ಲಿ ನೀರು ಹೆಚ್ಚು, ಪೆಟ್ರೋಲು ಸ್ವಲ್ಪ, ಎಣ್ಣೆ ಸ್ವಲ್ಪ. ಡಬ್ಬಿ ತುಂಬಿತೆಂದು ಯಜಮಾನನಿಗೆ ಸಂತೋಷ. ಆದರೆ ನೀರಿನಿಂದ ಕಿಟ್ಟ ಕಟ್ಟುವುದಿಲ್ಲ.

ಕವಾಟಕ್ಕೆ ಎಣ್ಣೆ ಬರುವುದಕ್ಕೆ ಬೇರೆ ದಾರಿಗಳೂ ಇವೆ. ಕವಾಟದ ಕಾಂಡವು ಜಾರುವ ಕೊಳವೆಯಿಂದ ಸ್ವಲ್ಪ ಎಣ್ಣೆ ಇಳಿದೇ ಇಳಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಉರಿದ ಹೊಗೆಯ ಒಂದು ಪಾಲನ್ನು ಗಾಳಿಯ ದಾರಿಗೆ ಹಿಂತಿರುಗಿಸುವುದುಂಟು. ಎರಡೂ ಕವಾಟಗಳು ಒಂದು ಕ್ಷಣ ಒಟ್ಟಿಗೆ ತೆರೆದಿರುವಾಗ ಸಿಲಿಂಡರಿನ ಮಸಿ ಹಿಂದಕ್ಕೆ ಬರುವುದೂ ಉಂಟು. ಡಬ್ಬಿಯು ತನ್ನ ಪಾಲಿನ ಹನಿಗಳನ್ನೆಲ್ಲ ಒಂದನ್ನೂ ಬಿಡದೆ ಹಿಡಿದರೂ ಇವುಗಳನ್ನು ಮುಟ್ಟಲಾರದು.

ಇಷ್ಟೆಲ್ಲ ತಿಳಿದೂ ಡಬ್ಬಿಯನ್ನು ಜೋಡಿಸಬೇಕೆಂದಿರುವವರು ಇರುತ್ತಾರೆ. ಅವರಿಗೆ ಹೇಳಬೇಕಾದ ಮಾತುಗಳಿವೆ. ಡಬ್ಬಿಯ ಒಳಮೂತಿಗೆ ಕ್ರ್ಯಾಂಕ್‌ಕೇಸಿನಿಂದ ಬರುವ ಕೊಳವೆ, ಹೊರಮೂತಿಯಿಂದ ಎಂಜಿನ್ನಿನ ಗಾಳಿಯ ದಾರಿಗೆ ಹೋಗುವ ಕೊಳವೆ. ಹೀಗೆ ಸುತ್ತು ಪೂರ್ತಿಯಾಗಿರಬೇಕು. ಹೊರಮೂತಿಯನ್ನು ಬಯಲಿಗೆ ಬಿಟ್ಟು ಮೇಲೊಂದು ಚಿಕ್ಕ ಜಾಲರಿಯನ್ನು ಕೂರಿಸುವವರು 1961ಕ್ಕೆ ಹಿಂದಿನ ಕಾಲಕ್ಕೆ ಹೋದಂತೆಯೇ ಸರಿ. ತಮ್ಮ ಕವಾಟವನ್ನು ಕಾಪಾಡುವುದಕ್ಕಾಗಿ ಬೀದಿಯವರ ಮೂಗಿಗೆ ಹೊಲಸನ್ನು ಬಿಡುವ ಹಕ್ಕು ಯಾರಿಗೂ ಇಲ್ಲ. ಕೊಳವೆಯು ಎಣ್ಣೆಯನ್ನು ತಡೆಯುವ ಜಾತಿಯದಾಗಿರಬೇಕು. ರೇಡಿಯೇಟರಿನ ನೀರಿಗಾಗಿ ಮಾಡಿದ ರಬ್ಬರು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಡಬ್ಬಿಯನ್ನು ಹೊಗೆಯ ಕೊಳವೆಯಿಂದ ದೂರದಲ್ಲಿ, ತಂಪಾದೆಡೆಯಲ್ಲಿ ಬಿಗಿಯಬೇಕು. ಕೊಳವೆಯು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುವುದು. ಹಿಮ ಬೀಳುವ ದೇಶಗಳಲ್ಲಿ ಈ ನೀರು ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಿ, ಕ್ರ್ಯಾಂಕ್‌ಕೇಸಿನ ಒತ್ತಡದಿಂದ ಎಣ್ಣೆಯ ತಡೆಗಳು ಕಿತ್ತುಬರಬಹುದು. ನಮ್ಮ ಸೀಮೆಯಲ್ಲಿ ಆ ಭಯವಿಲ್ಲದಿದ್ದರೂ, ಖಾಲಿ ಮಾಡುವುದನ್ನು ಮರೆತ ಡಬ್ಬಿಯು ತುಂಬಿ, ಅದುವರೆಗೆ ಕೂಡಿಟ್ಟುದನ್ನೆಲ್ಲ ಒಂದೇ ಸಲ ಎಂಜಿನ್ನಿಗೆ ಕುಡಿಸುವ ಭಯವಿದೆ. ಹೊರತೆಗೆದ ದ್ರವವನ್ನು ಮತ್ತೆ ಎಂಜಿನ್ನಿಗೆ ಹೊಯ್ಯಕೂಡದು, ಚರಂಡಿಗೂ ಚೆಲ್ಲಕೂಡದು. ಗ್ಯಾರೇಜಿನವರು ಹಳೆಯ ಎಣ್ಣೆಯನ್ನು ಕೂಡಿಡುವ ಪೀಪಾಯಿಯೇ ಅದಕ್ಕೆ ತಕ್ಕ ಜಾಗ.

ಟರ್ಬೊ ಇರುವ ಎಂಜಿನ್ನಿನಲ್ಲಿ ಇನ್ನೊಂದು ತೊಡಕಿದೆ. ಜೋಡಿಸುವವರಲ್ಲಿ ಹಲವರು ಇದನ್ನು ಗಮನಿಸುವುದಿಲ್ಲ. ಮೆಲ್ಲಗೆ ಓಡುವಾಗ ಗಾಳಿಯ ದಾರಿಯಲ್ಲಿ ಒತ್ತಡ ಕಡಿಮೆಯಿದ್ದು, ಕ್ರ್ಯಾಂಕ್‌ಕೇಸಿನ ಅನಿಲವನ್ನು ಅದು ನೇರವಾಗಿ ಎಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಅದುಮತೊಡಗಿದೊಡನೆ ಆ ದಾರಿ ಮುಚ್ಚಿಕೊಂಡು, ಅನಿಲವು ಬೇರೊಂದು ಕೊಳವೆಯಿಂದ ಟರ್ಬೊವಿನ ಬಾಯಿಗೆ ಹೋಗುತ್ತದೆ. ಹೆಚ್ಚು ಅನಿಲ ನುಸುಳುವುದು ಈ ಎರಡನೆಯ ಸ್ಥಿತಿಯಲ್ಲಿಯೇ. ಒಂದೇ ಕೊಳವೆಗೆ ಒಂದೇ ಡಬ್ಬಿಯನ್ನಿಟ್ಟವನು ಮನೆಯ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಕಾರು ಇನ್ನೂ ತಯಾರಕರ ಖಾತರಿಯ ಅವಧಿಯಲ್ಲಿದ್ದರೆ ಡಬ್ಬಿಯ ಗೊಡವೆಗೆ ಹೋಗದಿರುವುದೇ ಲೇಸು ಎಂದು ನಾವು ತಿಳಿಯುತ್ತೇವೆ. ಹೊರಗಿನ ವಸ್ತುವನ್ನು ಕೂಡಿಸಿದ್ದರಿಂದಲೇ ಕೆಟ್ಟಿತೆಂದು ಹೇಳಿ ಖಾತರಿಯನ್ನು ನಿರಾಕರಿಸಲು ಅದೊಂದು ನೆಪವಾಗಬಹುದು. ಖಾತರಿ ಮುಗಿದ ಮೇಲೆ, ತಿಂಗಳಿಗೊಮ್ಮೆ ಬಾನೆಟ್ಟನ್ನು ಎತ್ತಿ ನೋಡುವ ಶಿಸ್ತುಳ್ಳವನು, ಸುತ್ತು ಪೂರ್ತಿಯಾಗಿರುವಂತೆ ಜೋಡಿಸಿಕೊಂಡರೆ ನಮ್ಮ ಆಕ್ಷೇಪಣೆಯಿಲ್ಲ. ಕವಾಟಕ್ಕೆ ಹೋಗುವ ಎಣ್ಣೆ ಸ್ವಲ್ಪ ಕಡಿಮೆಯಾಗುವುದು ಖಂಡಿತ. ಕಿಟ್ಟವು ಎಷ್ಟು ಕಡಿಮೆಯಾಗುವುದೆಂಬುದು ಬೇರೆಯ ಪ್ರಶ್ನೆ.

ಆದರೆ ಈ ಕೆಲಸವು ಗಾಡಿಯ ಯಜಮಾನನ ಮೇಲೆ ಬೀಳಬೇಕಾದುದೇ ಅಲ್ಲ. 2005ರಲ್ಲಿ ಟೊಯೋಟ ಕಂಪೆನಿಯು ತನ್ನ 3.5 ಲೀಟರಿನ ಒಂದು ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡು ಇಂಜೆಕ್ಟರುಗಳನ್ನಿಟ್ಟಿತು: ಒಂದು ಒಳಕ್ಕೆ ನೇರವಾಗಿ, ಇನ್ನೊಂದು ಹಳೆಯ ರೀತಿಯಲ್ಲಿ ಗಾಳಿಯ ದಾರಿಗೆ. ಅಮೆರಿಕದ ಫೋರ್ಡ್ ಕಂಪೆನಿಯ ಎಫ್-150 ಟ್ರಕ್ಕಿನ 3.5 ಲೀಟರಿನ ಟರ್ಬೊ ಎಂಜಿನ್ನು ಮೊದಲು ನೇರ ಇಂಜೆಕ್ಷನ್ನನ್ನು ಮಾತ್ರ ಹೊಂದಿತ್ತು; 2017ರ ಮಾದರಿಯಲ್ಲಿ ಅದಕ್ಕೂ ಎರಡೂ ಬಗೆಯ ಇಂಜೆಕ್ಟರುಗಳು ಬಂದುವು. ಕಿಟ್ಟದ ನಿವಾರಣೆಯೊಂದೇ ಇದರ ಉದ್ದೇಶವಲ್ಲ, ಆದರೂ ಕವಾಟಕ್ಕೆ ಅದರ ಹಳೆಯ ಸ್ನಾನ ಮರಳಿ ದೊರೆಯಿತು. ಹನಿಯನ್ನು ಹಿಡಿಯುವ ಬದಲು ತೊಳೆಯುವ ಈ ಉಪಾಯದಲ್ಲಿ ಹನಿಯ ಗಾತ್ರದ ಪ್ರಶ್ನೆಯೇ ಏಳುವುದಿಲ್ಲ. ಖರ್ಚು ಹೆಚ್ಚೆಂಬ ಕಾರಣದಿಂದ ಇದನ್ನು ಬಿಟ್ಟು, ಎಂಜಿನ್ನಿನ ಒಂದು ಸಹಜ ದೋಷವನ್ನು ಗಿರಾಕಿಯ ಡಬ್ಬಿಗೆ ವಹಿಸುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ.

ಡಬ್ಬಿಯನ್ನು ಮಾರುವವರು ಸಿಕ್ಕ ದ್ರವದ ಚಿತ್ರವನ್ನು ತೋರಿಸುವುದಕ್ಕೆ ಬದಲಾಗಿ ಏನನ್ನು ತೋರಿಸಬೇಕು? ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದಾದ ಒಂದು ಪರೀಕ್ಷೆಯಿದೆ. ಒಂದರ ಹಿಂದೆ ಒಂದರಂತೆ ಒಂದೇ ಬಗೆಯ ಎರಡು ಡಬ್ಬಿಗಳನ್ನು ಕೂಡಿಸುವುದು. ಎರಡನೆಯದರಲ್ಲಿ ಏನೂ ಸಿಕ್ಕದಿದ್ದರೆ ಮೊದಲನೆಯದು ಸಮರ್ಥವೆಂದು ಅವಸರಪಡಬಾರದು. ಮೊದಲನೆಯದರಲ್ಲಿ 40 ಗ್ರಾಮು, ಎರಡನೆಯದರಲ್ಲಿ 10 ಗ್ರಾಮು ಎಣ್ಣೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಎರಡೂ ಸಮಾನ ಸಮರ್ಥವೆಂದು ಭಾವಿಸಿದರೆ, ಪ್ರತಿಯೊಂದೂ ತನಗೆ ಬಂದುದರಲ್ಲಿ ಮುಕ್ಕಾಲು ಪಾಲನ್ನು ಹಿಡಿಯುತ್ತದೆ, ಎರಡನ್ನೂ ದಾಟಿಹೋಗುವುದು ಹದಿನಾರರಲ್ಲೊಂದು ಪಾಲು ಎಂದು ಲೆಕ್ಕ ಬರುತ್ತದೆ. ಆದರೆ ಎರಡನೆಯ ಡಬ್ಬಿಗೆ ಬರುವುವು ಮೊದಲನೆಯದರಿಂದ ನುಣುಚಿಕೊಂಡ ಸಣ್ಣ ಹನಿಗಳು. ಅವುಗಳ ಮುಂದೆ ಅದರ ಸಾಮರ್ಥ್ಯ ಕಡಿಮೆ. ಆದುದರಿಂದ ನಿಜವಾಗಿ ದಾಟಿಹೋಗುವುದು ಈ ಲೆಕ್ಕಕ್ಕಿಂತ ಹೆಚ್ಚೇ ಇರಬೇಕು. ಎರಡನೆಯ ಡಬ್ಬಿಗೆ ಬದಲಾಗಿ ಬಹು ಸೂಕ್ಷ್ಮವಾದ ನಾರಿನ ಸೋಸುಕವನ್ನು ಸ್ವಲ್ಪ ಹೊತ್ತು ಮಾತ್ರ ಇಟ್ಟು, ಮುಂಚೆ ಮತ್ತು ಆಮೇಲೆ ತೂಗಿದರೆ ಉತ್ತರವು ಇನ್ನೂ ನಂಬತಕ್ಕದ್ದಾಗುವುದು. ತೂಗುವ ಮೊದಲು ನೀರನ್ನೂ ಪೆಟ್ರೋಲನ್ನೂ ಮೆಲ್ಲನೆಯ ಕಾವಿನಲ್ಲಿ, ಬೆಂಕಿಯ ಸೋಂಕಿಲ್ಲದೆ, ಗಾಳಿಯಾಡುವ ಕಪಾಟಿನಲ್ಲಿ ಆರಿಸಿಬಿಡಬೇಕು.

ಕವಾಟದ ಸ್ಥಿತಿಯನ್ನು ತಿಳಿಯುವುದಕ್ಕೆ ಇದೂ ಸಾಲದು. ಒಂದೇ ಮಾದರಿಯ, ಒಂದೇ ಬಂಕಿನ ಪೆಟ್ರೋಲನ್ನೂ ಒಂದೇ ಎಣ್ಣೆಯನ್ನೂ ಬಳಸುವ, ಒಂದೇ ದಾರಿಯಲ್ಲಿ ಓಡುವ ಕೆಲವು ಟ್ಯಾಕ್ಸಿಗಳನ್ನು ಆರಿಸಿ, ಅರ್ಧಕ್ಕೆ ಡಬ್ಬಿಯನ್ನು ಜೋಡಿಸಿ, ಉಳಿದವನ್ನು ಹಾಗೆಯೇ ಬಿಡಬೇಕು. ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ಗಾಳಿಯ ದಾರಿಯಲ್ಲಿ ಬೋರೋಸ್ಕೋಪನ್ನು ಇಳಿಸಿ, ಒಂದೇ ಕೋನದಿಂದ, ಒಂದೇ ಬೆಳಕಿನಲ್ಲಿ ಪ್ರತಿಯೊಂದು ಕವಾಟದ ಚಿತ್ರವನ್ನೂ ತೆಗೆಯಬೇಕು. ಯಾವ ಗಾಡಿಯಲ್ಲಿ ಡಬ್ಬಿಯಿತ್ತು, ಯಾವುದರಲ್ಲಿ ಇರಲಿಲ್ಲ ಎಂಬುದು ಚಿತ್ರಗಳನ್ನು ನೋಡಿ ಕಿಟ್ಟದ ದಪ್ಪಕ್ಕೆ ಅಂಕ ಕೊಡುವವನಿಗೆ ಗೊತ್ತಿರಕೂಡದು.